ಒಂಟಿಕೊಪ್ಪಲ್ ಪಂಚಾಂಗ ಹಿಡಿದು ಮೈಸೂರು ಸೀಮೆ ಸುತ್ತುವುದು

ಥಾಯ್ಲೆಂಡಿನ ಸುರಿನ್ ಪ್ರಾಂತ್ಯದಲ್ಲಿ 1960ರಿಂದ ಆನೆಗಳ ಹಬ್ಬ ನಡೆಯುತ್ತಿದೆ. ನವೆಂಬರ್ ತಿಂಗಳ ಮೂರನೇ ವಾರದ ಶನಿವಾರ, ಭಾನುವಾರ ಅಂದರೆ ಮುಗಿಯಿತು. ಅಲ್ಲಿಗೆ ಹೋಗಬೇಕೆನ್ನುವವರು ವರ್ಷ ಮೊದಲೇ ವಿಮಾನದ ಟಿಕೆಟ್ಟನ್ನೂ ರೂಮನ್ನೂ ಕಾದಿರಿಸಿ ನಿಶ್ಚಿಂತೆಯಿಂದ ಇರಬಹುದು. ಮೈಸೂರಿನ ಯಾವ ಬಡಾವಣೆಯಲ್ಲಿ ವಿಚಾರಿಸಿದರೂ ಪಟ್ಟಾಯ, ಫುಕೆಟ್ ಅಂತ ಪ್ಯಾಕೇಜ್ ಟೂರಿನಲ್ಲಿ ಹೋಗಿಬಂದವರು ಒಬ್ಬರಾದರೂ ಸಿಗುತ್ತಾರೆ. ಅಲ್ಲಿ ಏಪ್ರಿಲ್ 13ಕ್ಕೆ ನೀರೆರಚುವ ಹೊಸ ವರ್ಷ ಎಂಬುದು ಅವರಿಗೆ ಬಾಯಿಪಾಠ. ಅವರನ್ನೇ ಹಿಡಿದು ‘ಚುಂಚನಕಟ್ಟೆ ಜಾತ್ರೆ ಯಾವಾಗ ಸ್ವಾಮಿ?’ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ತಪ್ಪು ಪೂರಾ ಅವರದಲ್ಲ. ನಮ್ಮ ಜಾತ್ರೆಗಳಿಗೆ ತಾರೀಖು ಎಂಬುದಿಲ್ಲ, ತಿಥಿ ಇದೆ. ಹೊರಗಿನಿಂದ ಬರುವ ನೆಂಟರು ‘ದಸರಾ ಯಾವಾಗ?’ ಎಂದು ಫೋನಿನಲ್ಲಿ ಕೇಳಿದಾಗ ಮೈಸೂರಿನವರು ತಕ್ಷಣ ಉತ್ತರ ಕೊಡದೆ ಗೋಡೆಯ ಮೇಲಿನ ಕ್ಯಾಲೆಂಡರ್ ಕಡೆ ತಿರುಗುವುದು ಇದಕ್ಕೇ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು. ಚಾಂದ್ರಮಾನದ ವರ್ಷಕ್ಕೆ 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ. ಆ ಹನ್ನೊಂದು ದಿನದಷ್ಟು ಹಬ್ಬ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. ಹೀಗೇ ಬಿಟ್ಟರೆ ದಸರಾ ಬೇಸಿಗೆಗೆ ಹೋಗಿ ನಿಲ್ಲುತ್ತದಲ್ಲ ಎಂದು ಎರಡು ವರ್ಷ ಎಂಟು ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಲೆಕ್ಕ ಸರಿ ಮಾಡುತ್ತಾರೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ವಿಜಯದಶಮಿ ಮತ್ತೆ ಅಕ್ಟೋಬರ್ ಮೂರನೇ ವಾರಕ್ಕೆ ಜಿಗಿಯುತ್ತದೆ.

ಆದ್ದರಿಂದ ಮೈಸೂರು ಸೀಮೆಯನ್ನು ಹಬ್ಬದ ಲೆಕ್ಕದಲ್ಲಿ ಸುತ್ತಬೇಕೆನ್ನುವವರಿಗೆ ಪ್ರವಾಸೋದ್ಯಮ ಇಲಾಖೆಯ ನುಣುಪು ಕಾಗದದ ಕರಪತ್ರಕ್ಕಿಂತ ಒಂಟಿಕೊಪ್ಪಲ್ ಪಂಚಾಂಗ ಹೆಚ್ಚು ಉಪಕಾರಿ. ನಮ್ಮೂರಿನದೇ ಪಂಚಾಂಗ. ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಅರಿಸಿನ, ಕುಂಕುಮ, ಊದುಬತ್ತಿ ಮಾರುವ ಅಂಗಡಿಗಳಲ್ಲೂ ಸಿಗುತ್ತದೆ. ಒಂದು ಎಚ್ಚರಿಕೆ: ಪಂಚಾಂಗದ ವರ್ಷ ಯುಗಾದಿಗೆ ಮೊದಲಾಗಿ ಯುಗಾದಿಗೆ ಮುಗಿಯುತ್ತದೆ. ಜನವರಿಯಲ್ಲಿ ಕೊಂಡರೆ ಎರಡು, ಎರಡೂವರೆ ತಿಂಗಳಿನ ಭವಿಷ್ಯವಷ್ಟೇ ಕೈಗೆ ಬರುತ್ತದೆ.

ದಸರಾದಿಂದಲೇ ಶುರು ಮಾಡೋಣ, ಬಿಟ್ಟರೆ ಯಾರೂ ಒಪ್ಪುವುದಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ದರ್ಬಾರಾಗಿ ಬೆಳೆದದ್ದು, ರಾಜಧನ ರದ್ದಾದ ಮೇಲೆ ಅಂಬಾರಿಯಲ್ಲಿ ಮಹಾರಾಜರ ಜಾಗಕ್ಕೆ ಚಾಮುಂಡೇಶ್ವರಿ ಬಂದದ್ದು, ಇವೆಲ್ಲ ಶಾಲೆಯ ಪ್ರಬಂಧದಲ್ಲೇ ಬಂದುಹೋಗಿವೆ. ನಾನು ಹೇಳುವುದು ಬೇರೆ. ಸಾಧ್ಯವಿದ್ದರೆ ವಿಜಯದಶಮಿಯ ದಿನ ಬರಬೇಡಿ. ಬಂದರೆ ಆನೆ ಕಾಣುವುದಕ್ಕಿಂತ ಮುಂದೆ ನಿಂತವರ ಎತ್ತಿದ ಮೊಬೈಲುಗಳೇ ಹೆಚ್ಚು ಕಾಣುತ್ತವೆ. ರೂಮಿನ ಬಾಡಿಗೆ ಗಗನಕ್ಕೇರಿರುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗ್ಗೆಯೇ ಜಾಗ ಹಿಡಿದು ಕೂತವರಿಗೆ ಮೂತ್ರಕ್ಕೆ ಎದ್ದರೂ ಜಾಗ ಹೋಯಿತು. ಗೋಲ್ಡ್ ಕಾರ್ಡು, ಪಾಸು ಇದ್ದವರ ಪಾಡೂ ಕೆಲವು ವರ್ಷ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಅದರ ಬದಲು ಒಂದು ತಿಂಗಳೋ ಮೂರು ವಾರವೋ ಮುಂಚೆ ಬನ್ನಿ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆ ಸೇರಿರುತ್ತವೆ. ಬಂದ ಆನೆಗಳನ್ನು ಮೊದಲು ಧನ್ವಂತರಿ ರಸ್ತೆಯ ವೇಬ್ರಿಡ್ಜಿಗೆ, ಲಾರಿ ತೂಗುವ ಜಾಗಕ್ಕೆ, ಕರೆದೊಯ್ದು ಒಂದೊಂದನ್ನೇ ತೂಗುತ್ತಾರೆ. ಆಮೇಲೆ ದಿನಾ ಬೆಳಗ್ಗೆ ಸಂಜೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ತಾಲೀಮು. ಮೊದಲ ದಿನಗಳಲ್ಲಿ ಬರಿ ಮೈ, ಬಳಿಕ ಬೆನ್ನಿಗೆ ಮರಳಿನ ಮೂಟೆ, ದಿನ ಹತ್ತಿರ ಬಂದಂತೆ ಮರದ ಅಂಬಾರಿ. 750 ಕಿಲೋ ತೂಗುವ ಚಿನ್ನದ ಅಂಬಾರಿ ಹೊರುವ ಬೆನ್ನನ್ನು ಹೀಗೆ ಹಂತಹಂತವಾಗಿ ಪಳಗಿಸುತ್ತಾರೆ. ನಡುವೆ ಒಂದೆರಡು ದಿನ ಕುಶಾಲತೋಪಿನ ತಾಲೀಮೂ ಇರುತ್ತದೆ, ಸದ್ದಿಗೆ ಆನೆ, ಕುದುರೆಗಳು ಬೆದರದಿರಲಿ ಎಂದು. ಪಾಸಿಲ್ಲ, ಟಿಕೆಟ್ಟಿಲ್ಲ. ಬೆಳಗ್ಗೆ ಕೆ.ಆರ್. ವೃತ್ತದಲ್ಲಿ ಕಾಫಿ ಕುಡಿದು ಫುಟ್‌ಪಾತಿನಲ್ಲಿ ನಿಂತರೆ ಆನೆಯ ಕಾಲುಗುರಿನ ಬಿಳುಪು ಕಾಣುವಷ್ಟು ಹತ್ತಿರದಲ್ಲಿ ಸಾಲು ಹಾದುಹೋಗುತ್ತದೆ. ವಾಪಸ್ ಬಂದ ಆನೆಗೆ ಮಾವುತರು ಭತ್ತದ ಹುಲ್ಲಿನಲ್ಲಿ ಬೆಲ್ಲ, ಕಾಯಿ, ಕಡಲೆಕಾಯಿ ಇಟ್ಟು ಮಡಿಚಿ ಕಟ್ಟಿದ ಕುಸುರೆ ತಿನ್ನಿಸುತ್ತಾರೆ.

ಮೈಸೂರಿನ ಜನ ಈ ಆನೆಗಳ ಲೆಕ್ಕವನ್ನು ಕ್ರಿಕೆಟ್ ಆಟಗಾರರ ರನ್ನಿನಂತೆ ಇಟ್ಟುಕೊಂಡಿರುತ್ತಾರೆ. ದ್ರೋಣ 18 ಸಲ ಅಂಬಾರಿ ಹೊತ್ತ, ಬಲರಾಮ 14 ಸಲ, ಅರ್ಜುನ 8 ಸಲ, 2020ರಿಂದ ಅಭಿಮನ್ಯು. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತಾಗ ಈ ಊರು ಮನೆಯವರನ್ನು ಕಳಕೊಂಡಂತೆ ಅತ್ತಿತು. ಅಂಬಾರಿ ಇಳಿಸಿ ನಿವೃತ್ತಿಯಾದ ಆನೆಯನ್ನು ಅಂಥ ಕೆಲಸಕ್ಕೆ ಯಾಕೆ ಒಯ್ದರು ಎಂಬ ಪ್ರಶ್ನೆ ಚಹದಂಗಡಿಗಳಲ್ಲಿ ಬಹಳ ದಿನ ಇತ್ತು.

ಮೈಸೂರಿನವರದೇ ಹಬ್ಬ ಯಾವುದು ಎಂದು ಕೇಳಿದರೆ ನಾನು ಆಷಾಢ ಶುಕ್ರವಾರದ ಕಡೆ ಬೆರಳು ತೋರಿಸುತ್ತೇನೆ. ದಸರಾ ಬಂದವರಿಗೆ, ಆಷಾಢ ಇದ್ದವರಿಗೆ. ಜೂನ್ ಕೊನೆಯಿಂದ ಜುಲೈ, ಕೆಲವೊಮ್ಮೆ ಆಗಸ್ಟ್‌ವರೆಗೆ ಬರುವ ಆ ನಾಲ್ಕೈದು ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಕಾಲಲ್ಲಿ ಕಸುವಿದ್ದವರು ಪಾದದಿಂದ ಸಾವಿರ ಮೆಟ್ಟಿಲು ಹತ್ತುತ್ತಾರೆ. ನಸುಕಿನಲ್ಲೇ ಹೋಗಿ ನೋಡಿ: ಹೆಂಗಸರು ಅರಿಸಿನದ ಬಟ್ಟಲು, ಕುಂಕುಮದ ಬಟ್ಟಲು ಹಿಡಿದು ಒಂದೊಂದು ಮೆಟ್ಟಿಲಿಗೂ ಬಗ್ಗಿ ಹಚ್ಚುತ್ತಾ ಏರುತ್ತಿರುತ್ತಾರೆ. ಹರಕೆ. ಹೊತ್ತೇರುವಷ್ಟರಲ್ಲಿ ಮೆಟ್ಟಿಲ ಸಾಲಿಗೆ ಸಾಲೇ ಹಳದಿ, ಕೆಂಪು. ಮಳೆ ಹನಿದರೆ ಎರಡೂ ಕಲಸಿ ಅಂಗಾಲೆಲ್ಲ ಕೇಸರಿ. ಏಳುನೂರರ ಆಸುಪಾಸಿನ ಮೆಟ್ಟಿಲಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲೆಯ ನಂದಿ ಸಿಗುತ್ತದೆ, ಎಲ್ಲರೂ ಉಸಿರು ಬಿಡುವುದು ಅಲ್ಲೇ. ಕೆಳಗೆ ಊರಿನಲ್ಲಿ ಅಂದು ಯಾವ ಆಟೋ ಸ್ಟ್ಯಾಂಡಿನ ಮುಂದೆ ಹೋದರೂ ಅಮ್ಮನ ಫೋಟೋಗೆ ಹೂವಿನ ಹಾರ, ಪಕ್ಕದಲ್ಲಿ ದೊಡ್ಡ ಪಾತ್ರೆ, ಅಡಕೆಹಾಳೆಯ ದೊನ್ನೆಯಲ್ಲಿ ಬಿಸಿಬೇಳೆಬಾತೋ ಮೊಸರನ್ನವೋ. ಬೇಡ ಎಂದರೂ ಕೈಗಿಡುತ್ತಾರೆ.

ಬೆಟ್ಟದ ಮೇಲೆ ಚಾಮುಂಡಿಗಿಂತ ಹಳಬ ಮಹಾಬಲೇಶ್ವರ. ಬೆಟ್ಟದ ಹಳೆಯ ಹೆಸರೂ ಮಹಾಬಲಾದ್ರಿಯೇ. ಅಮ್ಮನ ಗುಡಿಯ ಸಾಲಿನಲ್ಲಿ ಮೂರು ಗಂಟೆ ನಿಂತವರು ಹತ್ತು ಹೆಜ್ಜೆ ಆಚೆಗಿನ ಈ ಗುಡಿಗೆ ಇಣುಕುವುದೇ ಇಲ್ಲ. ನೀವು ಇಣುಕಿ. ಬೆಟ್ಟದ ಆ ಬದಿಗೆ ಇಳಿದರೆ ಉತ್ತನಹಳ್ಳಿ, ಚಾಮುಂಡಿಯ ತಂಗಿಯ ಊರು. ಆ ಕಡೆಯಿಂದ ನಂಜನಗೂಡಿನ ರಸ್ತೆ ಹಿಡಿಯಬಹುದು. ಇದು ಬರೀ ರಸ್ತೆಯಲ್ಲ. ಈ ಸೀಮೆಯ ಜನಪದರ ಹಾಡಿನಲ್ಲಿ ಚಾಮುಂಡಿ ನಂಜುಂಡನಿಗೆ ಒಲಿದವಳು. ಮನೆಯಲ್ಲಿರುವ ಹೆಂಡತಿ ದೇವೀರಿಗೆ ವಿಷಯ ತಿಳಿದು ರಂಪವೋ ರಂಪ. ಪುರಾಣದ ಮಹಿಷಮರ್ದಿನಿಯನ್ನೂ ವಿಷಕಂಠನನ್ನೂ ಹಳ್ಳಿಯ ಬಾಯಿ ಸವತಿ ಜಗಳಕ್ಕೆ ಎಳೆತಂದಿದೆ. ಭಕ್ತಿಗೇನೂ ಅದರಿಂದ ಕೊರತೆಯಾಗಿಲ್ಲ. ಬೆಟ್ಟ ಮುಗಿಸಿದವರು ನಂಜನಗೂಡಿಗೂ ಹೋಗಿಯೇ ಊರಿಗೆ ಮರಳುತ್ತಾರೆ.

ನಂಜನಗೂಡು 23 ಕಿಲೋಮೀಟರ್. ಬಸ್ಸು ಬೇಕಾದಷ್ಟಿದೆ, ಆದರೆ ಚಾಮರಾಜನಗರದ ರೈಲು ಹತ್ತಿ ಹೋಗುವ ಸುಖವೇ ಬೇರೆ. ಕಪಿಲೆ ದಾಟುವಾಗ ಹಳೆಯ ಸೇತುವೆ ಕಾಣುತ್ತದೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು, ಒಂದು ಕಾಲಕ್ಕೆ ಅದರ ಮೇಲೆಯೇ ರೈಲೂ ಬಂಡಿಯೂ ಓಡಾಡಿದವು. ದೇವಸ್ಥಾನದ ಒಳಗೆ ಟಿಪ್ಪು ಕೊಟ್ಟನೆಂದು ಹೇಳುವ ಪಚ್ಚೆ ಲಿಂಗವಿದೆ. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಆತ ಹರಕೆ ತೀರಿಸಿ, ಹಕೀಮ್ ನಂಜುಂಡ ಎಂದು ಕರೆದನಂತೆ.

ಮಾರ್ಚ್-ಏಪ್ರಿಲ್ ಹೊತ್ತಿಗೆ ಅಲ್ಲಿ ದೊಡ್ಡ ಜಾತ್ರೆ, ಗೌತಮ ಪಂಚ ಮಹಾರಥೋತ್ಸವ. ಗಣಪತಿ, ಚಂಡಿಕೇಶ್ವರ, ಸುಬ್ರಹ್ಮಣ್ಯ, ಪಾರ್ವತಿ ಇವರಿಗೆ ಒಂದೊಂದು ತೇರು, ನಂಜುಂಡೇಶ್ವರನಿಗೆ ತೊಂಬತ್ತಡಿಗೂ ಮೀರಿದ ಗೌತಮ ರಥ. ಬೆಳಗಿನ ಜಾವಕ್ಕೇ ಎಳೆಯಲು ಶುರು, ಆದ್ದರಿಂದ ಹಿಂದಿನ ರಾತ್ರಿಯೇ ಹೋಗಿರಬೇಕು. ಜನ ಸ್ನಾನಘಟ್ಟದಲ್ಲಿ, ದೇವಸ್ಥಾನದ ಮುಂದಿನ ಬಯಲಿನಲ್ಲಿ ಚಾಪೆ ಹಾಸಿ ಮಲಗಿರುತ್ತಾರೆ. ಮುಡಿ ಕೊಟ್ಟ ನುಣ್ಣನೆ ತಲೆಗಳು, ಒದ್ದೆ ಬಟ್ಟೆಯಲ್ಲಿ ಉರುಳು ಸೇವೆ ಮಾಡುವವರು, ಅವರನ್ನು ದಾಟಿಕೊಂಡು ಕಡ್ಲೆಪುರಿ ಮಾರುವ ಹುಡುಗರು. ದೊಡ್ಡ ತೇರು ಸುಲಭಕ್ಕೆ ಕದಲುವುದಿಲ್ಲ. ಹಗ್ಗ ಹಿಡಿದ ನೂರಾರು ಜನ ಒಂದೇ ಉಸಿರಿಗೆ ಜಗ್ಗಬೇಕು. ಚಕ್ರದ ಬಳಿ ಮರದ ದಿಮ್ಮಿ ಹಿಡಿದು ಬಾಗಿ ನಿಂತವರನ್ನು ಗಮನಿಸಿ. ತೇರು ಮುಂದೆ ಹೋಗುವುದು ಹಗ್ಗದವರಿಂದ, ಆದರೆ ತಿರುಗುವುದೂ ನಿಲ್ಲುವುದೂ ಇವರಿಂದ. ದಿಮ್ಮಿಯನ್ನು ಚಕ್ರಕ್ಕೆ ಕೊಟ್ಟು ಕೈ ಹಿಂದಕ್ಕೆಳೆದುಕೊಳ್ಳಲು ಅವರಿಗಿರುವುದು ಒಂದು ಗಳಿಗೆ. ಮೇಲಿನಿಂದ ಬಾಳೆಹಣ್ಣು, ದವನ ತಲೆಯ ಮೇಲೆ ಸುರಿಯುತ್ತಲೇ ಇರುತ್ತದೆ. ಆ ವರ್ಷ ಮದುವೆಯಾದ ಜೋಡಿಗಳು ತೇರಿನ ಕಳಸಕ್ಕೆ ಗುರಿಯಿಟ್ಟು ಹಣ್ಣು-ದವನ ಎಸೆಯುವುದು ಇಲ್ಲಿನ ಪದ್ಧತಿ. ಗುರಿ ತಪ್ಪಿದ ಹಣ್ಣು ಯಾರ ನೆತ್ತಿಗೆ ಬಿದ್ದರೂ ಬೈಯುವ ಹಾಗಿಲ್ಲ.

ಹೊಸ ಜೋಡಿಗಳ ವಿಷಯ ಬಂದದ್ದಕ್ಕೆ ಚಾಮರಾಜನಗರವನ್ನೂ ಹೇಳಬೇಕು. ಆಷಾಢದಲ್ಲಿ ತೇರೆಳೆಯುವುದು ಅಪರೂಪ, ಹೊಸ ಸೊಸೆ ತವರಿಗೆ ಹೋಗಿರುವ ತಿಂಗಳು. ಅಲ್ಲಿನ ಚಾಮರಾಜೇಶ್ವರನ ತೇರು ಆಷಾಢದಲ್ಲೇ. ಗಂಡನ ಮನೆ, ತವರು ಎಂದು ದೂರವಾದ ಗಂಡ-ಹೆಂಡತಿಗೆ ಸಂಧಿಸಲು ಇದೊಂದು ಮರ್ಯಾದೆಯ ನೆಪ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ಉತ್ಸವ ನಿಂತಿತ್ತು. 2022ರಲ್ಲಿ ಹೊಸ ತೇರು ಬಂದಾಗ ಸೇರಿದ ಜನ ಹೇಳತೀರದು.

ಚಳಿಗಾಲಕ್ಕೆ ಬಂದರೆ ಜಾತ್ರೆಯ ಬಣ್ಣವೇ ಬದಲು. ಭತ್ತ ಕಣಕ್ಕೆ ಬಂದಿರುತ್ತದೆ, ರೈತನ ಕೈಯಲ್ಲಿ ನಾಲ್ಕು ಕಾಸು, ನಾಲ್ಕು ದಿನದ ಬಿಡುವು. ಸಂಕ್ರಾಂತಿಯ ಸಂಜೆ ಮೈಸೂರಿನ ಅಂಚಿನ ಸಿದ್ದಲಿಂಗಪುರದಲ್ಲಿ ಹಸು, ಹೋರಿಗಳಿಗೆ ಕಿಚ್ಚು ಹಾಯಿಸುವುದು ನೋಡಬಹುದು. ಚುಂಚನಕಟ್ಟೆಯ ದನಗಳ ಜಾತ್ರೆಯೂ ಅದೇ ಹೊತ್ತಿಗೆ. ಅಲ್ಲಿ ಹಳ್ಳಿಕಾರ್ ಜೋಡಿಯ ಹಲ್ಲು ಬಿಡಿಸಿ ನೋಡುವವರ ಮುಖದ ಗಾಂಭೀರ್ಯ ನೋಡುವುದಕ್ಕಾದರೂ ಹೋಗಬೇಕು. ದಲ್ಲಾಳಿ, ಕೊಳ್ಳುವವನು ಟವೆಲ್ ಮುಸುಕಿನೊಳಗೆ ಬೆರಳು ಮುಟ್ಟಿ ಬೆಲೆ ಕುದುರಿಸುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಸಾಲು ಮೊದಲಿನಷ್ಟು ಉದ್ದ ಇಲ್ಲ. ಸುತ್ತೂರಿನದು ಪುಷ್ಯ ಬಹುಳದ ಕೊನೆಗೆ ಆರು ದಿನ ನಡೆಯುವ ವ್ಯವಸ್ಥಿತ ಜಾತ್ರೆ: ಸಾಮೂಹಿಕ ವಿವಾಹ, ಕುಸ್ತಿ, ಭಜನೆ, ಕೃಷಿ ಮೇಳ, ಎಷ್ಟು ಜನ ಬಂದರೂ ದಾಸೋಹ. ಮಕ್ಕಳನ್ನು ಕರಕೊಂಡು ಹೋಗುವವರಿಗೆ ಇದಕ್ಕಿಂತ ಅನುಕೂಲದ ಜಾತ್ರೆ ಈ ಕಡೆ ಇಲ್ಲ.

ಅನುಕೂಲ ಬೇಡ, ಅನುಭವ ಬೇಕು ಎನ್ನುವವರಿಗೆ ಕೊಳ್ಳೇಗಾಲ ಕಡೆಯ ಚಿಕ್ಕಲ್ಲೂರು. ಪುಷ್ಯದ ಹುಣ್ಣಿಮೆಗೆ, ಬನದ ಹುಣ್ಣಿಮೆ ಎನ್ನುತ್ತಾರೆ, ಸಿದ್ದಪ್ಪಾಜಿಯ ಗದ್ದುಗೆಯ ಮುಂದೆ ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರು ಕಟ್ಟಿ ಬಟ್ಟೆ ಸುತ್ತಿದ ಆಕೃತಿಗೆ ಬೆಂಕಿ ಹೊತ್ತಿಸುತ್ತಾರೆ. ಉರಿ ಯಾವ ದಿಕ್ಕಿಗೆ ವಾಲಿತೋ ಆ ದಿಕ್ಕಿನ ಸೀಮೆಗೆ ಆ ವರ್ಷ ಮಳೆ-ಬೆಳೆ ಚೆನ್ನ ಎಂಬ ನಂಬಿಕೆ. ಹಾಗಾಗಿ ಬೆಂಕಿ ಹೊತ್ತಿದ್ದೇ ತಡ ಬಂದವರೆಲ್ಲ ಗಾಳಿ ತಮ್ಮೂರಿನ ಕಡೆ ಬೀಸಲಿ ಎಂದು ಕಾಯುತ್ತಾರೆ. ಬಯಲೆಲ್ಲ ಬಿಡಾರ, ಅಲ್ಲಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುತ್ತಿರುತ್ತಾರೆ. ನಾಲ್ಕನೆಯ ದಿನದ ಪಂಕ್ತಿಸೇವೆಯಲ್ಲಿ ಜಾತಿ ನೋಡದೆ ಒಟ್ಟಿಗೆ ಕೂತು ಉಣ್ಣುತ್ತಾರೆ, ಮಾಂಸದೂಟ. ಪ್ರಾಣಿಬಲಿಯ ಹೆಸರಿನಲ್ಲಿ ಈ ಊಟಕ್ಕೆ ಅಡ್ಡಿಯಾದದ್ದೂ ಭಕ್ತರು ಪ್ರತಿಭಟಿಸಿದ್ದೂ ಇದೆ. ಬೇಯಿಸಿ ಹಂಚಿ ತಿನ್ನುವುದು ಬೇರೆ, ಬಲಿ ಬೇರೆ ಎಂಬ ಅವರ ವಾದದಲ್ಲಿ ನನಗೆ ನ್ಯಾಯ ಕಾಣುತ್ತದೆ. ಇದೇ ಪರಂಪರೆಯ ಇನ್ನೊಂದು ಜಾಗ ಕೆ.ಆರ್. ನಗರ ಕಡೆಯ ಕಪ್ಪಡಿ, ರಾಚಪ್ಪಾಜಿಯ ಗದ್ದುಗೆ. ಅಲ್ಲಿನ ಜಾತ್ರೆ ಶಿವರಾತ್ರಿಗೆ ಮೊದಲಾಗಿ ಯುಗಾದಿಯವರೆಗೂ ಎಳೆಯುತ್ತದೆ. ತಿಥಿ ತಪ್ಪಿದವರಿಗೂ ಒಂದು ಅವಕಾಶ ಉಂಟು.

ತಿಥಿ ತಪ್ಪಿದರೆ ವರ್ಷಗಟ್ಟಲೆ ಕಾಯಬೇಕಾದದ್ದು ತಲಕಾಡಿನ ಪಂಚಲಿಂಗ ದರ್ಶನ. ಕಾರ್ತಿಕ ಮಾಸದ ಅಮಾವಾಸ್ಯೆ ಸೋಮವಾರವೇ ಬೀಳಬೇಕು, ಸೂರ್ಯ ವೃಶ್ಚಿಕದಲ್ಲಿರಬೇಕು, ನಕ್ಷತ್ರ ಕೂಡಿಬರಬೇಕು. 2006, 2009, 2013, 2020, ಇಷ್ಟೇ ಈ ಶತಮಾನದಲ್ಲಿ ನಾವು ಕಂಡದ್ದು. ಮೂರು ವರ್ಷ, ನಾಲ್ಕು ವರ್ಷ, ಏಳು ವರ್ಷ, ಅಂತರಕ್ಕೆ ಯಾವ ಶಿಸ್ತೂ ಇಲ್ಲ. ಆ ದಿನ ಬಿಟ್ಟು ಉಳಿದ ಯಾವ ದಿನ ಹೋದರೂ ಮರಳ ಗುಡ್ಡೆಗಳ ನಡುವೆ ಪಾತಾಳೇಶ್ವರ, ಮರುಳೇಶ್ವರರಿಗೆ ಇಳಿದು ಹೋಗುವ ದಾರಿಯಲ್ಲಿ ನಿಮ್ಮ ಹೆಜ್ಜೆ ಸದ್ದಷ್ಟೇ ಇರುತ್ತದೆ. ನನಗಂತೂ ಅದೇ ಇಷ್ಟ. ದಾರಿಯಲ್ಲಿ ತಿ. ನರಸೀಪುರದ ಸಂಗಮ. 1989ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ, ನಡುವೆ ತಪ್ಪಿದ್ದೂ ಉಂಟು, 2025ರ ಫೆಬ್ರುವರಿಯದು ಹದಿಮೂರನೆಯದು. ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ ಇದೆ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಊರಿನವರು ಹೇಳುತ್ತಾರೆ. ಹೆಚ್ಚು ಕೊಚ್ಚಿಕೊಳ್ಳದೆ ಗುಲಗಂಜಿಯಷ್ಟಕ್ಕೇ ನಿಲ್ಲಿಸಿದ್ದಾರೆ.

ಥಾಯ್ಲೆಂಡಿಗೆ ಹೋಗಿ ಬುದ್ಧನ ಗುಡಿ ನೋಡಿಬಂದವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನೂ ನೋಡಬೇಕು. 1961ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ರಾಜ್ಯ ಕೊಟ್ಟ ಕಾಡುನೆಲ ಅದು. 1963ರಲ್ಲಿ ಪೆನೋರ್ ರಿಂಪೋಚೆ ಶುರು ಮಾಡಿದ ನಮ್‌ಡ್ರೋಲಿಂಗ್ ಮಠದ ಗೋಲ್ಡನ್ ಟೆಂಪಲ್ಲಿಗೆ ರಜೆ ದಿನ ಟೂರಿಸ್ಟ್ ಬಸ್ಸುಗಳ ಸಾಲು. ಅವರು ಅರುವತ್ತಡಿಯ ಬುದ್ಧನ ಮುಂದೆ ಫೋಟೋ ತೆಗೆದುಕೊಂಡು ಮಡಿಕೇರಿಗೆ ಹೊರಟುಬಿಡುತ್ತಾರೆ. ಹೋಗಬೇಕಾದದ್ದು ಲೋಸರ್ ಹೊತ್ತಿಗೆ, ಟಿಬೆಟನ್ನರ ಹೊಸ ವರ್ಷಕ್ಕೆ. ಅವರ ಲೆಕ್ಕವೂ ಚಂದ್ರನದೇ, ಅಧಿಕ ಮಾಸ ಅವರಿಗೂ ಉಂಟು. 2025ರಲ್ಲಿ ಶಿವರಾತ್ರಿ ಫೆಬ್ರುವರಿ 26ಕ್ಕೆ, ಲೋಸರ್ 28ಕ್ಕೆ. ಹೊಸ ವರ್ಷಕ್ಕೆ ಮುಂಚಿನ ದಿನಗಳಲ್ಲಿ ಭಿಕ್ಷುಗಳು ಮುಖವಾಡ ತೊಟ್ಟು ಕುಣಿಯುವ ಛಾಮ್ ನೃತ್ಯ ಇರುತ್ತದೆ. ಉದ್ದನೆಯ ಕಹಳೆ ಊದಿದರೆ ಎದೆಗೂಡು ನಡುಗುತ್ತದೆ. ವಿದೇಶಿ ನೆಂಟರು ಜೊತೆಗಿದ್ದು ರಾತ್ರಿ ಅಲ್ಲೇ ತಂಗುವುದಾದರೆ ಕೇಂದ್ರ ಸರ್ಕಾರದ ವಿಶೇಷ ಪರವಾನಗಿ ಬೇಕು, ಮೊದಲೇ ಮಾಡಿಸಿಕೊಳ್ಳಿ.

ಓಡಾಟದ ಮಾತು. ಬೆಂಗಳೂರಿನಿಂದ ಬರುವವರಿಗೆ ರೈಲೇ ಉತ್ತಮ. 2023ರಲ್ಲಿ ಬಂದ ಹೆದ್ದಾರಿ ಬೇಗ ತಲುಪಿಸುತ್ತದೆ ನಿಜ, ಆದರೆ ದಸರಾ ಹೊತ್ತಿಗೆ ಉಳಿಸಿದ ಸಮಯವನ್ನೆಲ್ಲ ಮೈಸೂರಿನ ಬಾಗಿಲಲ್ಲಿ ತೆರಬೇಕು. ಬೈಕಿನವರಿಗಂತೂ ಮುಖ್ಯ ರಸ್ತೆಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಜಿಲ್ಲೆಯೊಳಗಿನ ಜಾತ್ರೆಗಳಿಗೆ ಸಬ್‌ಅರ್ಬನ್ ಬಸ್ ನಿಲ್ದಾಣ ಸಾಕು. ಜಾತ್ರೆ ದಿನ ವಿಶೇಷ ಬಸ್ಸು ಬಿಡುತ್ತಾರೆ, ಬೋರ್ಡಿಲ್ಲದಿದ್ದರೂ ಕಂಡಕ್ಟರ್ ಕೂಗುತ್ತಿರುತ್ತಾನೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿಸಿದ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳ ಚಹರೆಯೇ ಬೇರೆಯಾಗಿದೆ. ಮೊದಲು ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಸೇರಿ ಹೋಗುತ್ತಿದ್ದ ನಂಜನಗೂಡಿಗೆ ಈಗ ಕಾರ್ತಿಕ ಸೋಮವಾರ ಬಂತೆಂದರೆ ಹೆಂಗಸರ ಗುಂಪುಗಳು ತಾವೇ ಹೊರಟುಬಿಡುತ್ತವೆ, ಗಂಡಸರ ಜೇಬು ಕೇಳುವ ಅಗತ್ಯವಿಲ್ಲ. ಸೀಟು ಸಿಗುವುದಿಲ್ಲ ಎಂದು ಗೊಣಗುವ ಗಂಡಸರು ಇದ್ದಾರೆ, ಗೊಣಗಲಿ.

ನನ್ನ ತಕರಾರು ಒಂದೇ. ಇಷ್ಟು ಜಾತ್ರೆಗಳಿರುವ ಸೀಮೆಯಲ್ಲಿ ಈ ವರ್ಷ ಯಾವ ಜಾತ್ರೆ ಯಾವ ತಾರೀಖಿಗೆ, ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಯುಗಾದಿಗೆ ಸರಿಯಾಗಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ರೈಲು ನಿಲ್ದಾಣದಲ್ಲಿ ಅಂಟಿಸುವುದು ಕಷ್ಟದ ಕೆಲಸವೇ? ಸುರಿನ್‌ನವರ ಹಾಗೆ ತಿಥಿ ಬಿಟ್ಟು ವಾರಾಂತ್ಯಕ್ಕೆ ತಳ್ಳಬೇಕಿಲ್ಲ. ಅವರ ದೇಶದಲ್ಲೂ ದೀಪ ತೇಲಿಬಿಡುವ ಲಾಯ್ ಕ್ರತೋಂಗ್ ಹಬ್ಬ ಹುಣ್ಣಿಮೆಯನ್ನೇ ಹಿಡಿದು, ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೇ ಬರುತ್ತದೆ, ಪ್ರವಾಸಿಗರೂ ಹುಣ್ಣಿಮೆ ಲೆಕ್ಕ ಹಾಕಿಕೊಂಡೇ ಹೋಗುತ್ತಾರೆ. ಇಲ್ಲಿ ಅಂಥ ಹಾಳೆ ಬರುವವರೆಗೆ ಪಂಚಾಂಗ ಕೊಳ್ಳಿ, ತಿಥಿಯನ್ನು ಆಯಾ ದೇವಸ್ಥಾನಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಹಳ್ಳಿಯಲ್ಲಿ ಬಸ್ಸಿಳಿಯುವಾಗ ಕಂಡಕ್ಟರನ್ನು ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿಯೇ ಇಳಿಯಿರಿ. ಆತ ಎಂಟಕ್ಕೆ ಎಂದರೆ ನೀವು ಏಳೂವರೆಗೆ ನಿಲ್ದಾಣದಲ್ಲಿರಿ. ಚಿಕ್ಕಲ್ಲೂರಿಗಾದರೆ ಆ ಪ್ರಶ್ನೆಯೇ ಬೇಡ, ಕಂಬಳಿ ತೆಗೆದುಕೊಂಡು ಹೋಗಿ.